ಅತ್ತೆ ಕೊಡಿಸಿದ ಹಾಸಿಗೆ

ಶನಿವಾರ ಬೆಳಿಗ್ಗೆ ಅತ್ತೆ ತಮ್ಮ ಊರಾದ ಲುಗಾಂಗ್‌ನಿಂದ ಬಸ್ಸು ಹಿಡಿದು ಬಂದವರೇ, ಕೈಚೀಲವನ್ನೂ ಕೆಳಗಿಡದೆ ನಮ್ಮ ಮಲಗುವ ಕೋಣೆಗೆ ಇಣುಕಿ, "ಇವತ್ತು ಈ ಗುಂಡಿಗೆ ಒಂದು ಗತಿ ಕಾಣಿಸ್ತೀನಿ" ಎಂದರು.

ಗುಂಡಿ ಎಂದದ್ದು ನಮ್ಮ ಹಾಸಿಗೆಗೆ. ಮದುವೆಯ ಕಾಲದ ಸ್ಪ್ರಿಂಗ್ ಹಾಸಿಗೆ, ನಡುವೆ ಕುಸಿದುಹೋಗಿತ್ತು. ನಾನೂ ನನ್ನ ಗಂಡ ಕುನ್‌ಲಿನ್ನನೂ ರಾತ್ರಿ ಎರಡು ಅಂಚುಗಳಲ್ಲಿ ಮಲಗಿದರೂ ಬೆಳಗಾಗುವಷ್ಟರಲ್ಲಿ ನಡುವಿಗೆ ಉರುಳಿ ಬಂದಿರುತ್ತಿದ್ದೆವು. ಹೊಸತರಲ್ಲಿ ಅದು ಚೆನ್ನಾಗಿಯೇ ಇತ್ತು. ಈಗ ಸೈಕಲ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ದಿನವಿಡೀ ನಿಂತು ದುಡಿಯುವ ಅವನಿಗೆ ಬೆಳಿಗ್ಗೆ ಸೊಂಟ ನೆಟ್ಟಗಾಗಲು ಹೊತ್ತು ಹಿಡಿಯುತ್ತಿತ್ತು. ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಊರಿಗೆ ಹೋದಾಗ ಅವನು ಗೋಡೆ ಹಿಡಿದು ಎದ್ದದ್ದನ್ನು ಅತ್ತೆ ನೋಡಿದ್ದರು. ಈಗ ನಾವಿರುವ ತೈಚುಂಗ್‌ನ ದೊಡ್ಡ ಅಂಗಡಿಗಳಲ್ಲೆಲ್ಲ ವಾರ್ಷಿಕೋತ್ಸವದ ರಿಯಾಯಿತಿ ಮಾರಾಟ ಶುರುವಾಗಿತ್ತು. ದುಡ್ಡು ತಾವೇ ಕೊಡುವುದಾಗಿಯೂ ಸಂಜೆಯೊಳಗೆ ಹಾಸಿಗೆ ಬದಲಾಗಬೇಕೆಂದೂ ಹೇಳಿ ಅವರು ಚಹಾ ಕೇಳಿದರು.

ಬೇಡ ಎನ್ನಲು ನನಗೆ ಒಂದೇ ಕಾರಣವಿತ್ತು, ಅದನ್ನು ಹೇಳುವಂತಿರಲಿಲ್ಲ. ನಾನು ಬಸುರಿ, ಎಂಟನೆಯ ವಾರ; ಗೊತ್ತಿದ್ದದ್ದು ಗಂಡನಿಗೆ ಮಾತ್ರ.

ನಮ್ಮಲ್ಲಿ ಬಸುರಿ ಇರುವ ಮನೆಯಲ್ಲಿ ಮಂಚ ಕದಲಿಸುವುದಿಲ್ಲ. ಹೊಟ್ಟೆಯ ಮಗುವಿಗೆ ಒಬ್ಬ ಕಾವಲು ದೇವರಿರುತ್ತಾನೆ. ಹೆರಿಗೆಯಾಗುವ ತನಕ ಅವನು ಮನೆಯೊಳಗೇ ಓಡಾಡಿಕೊಂಡಿರುತ್ತಾನೆ: ಒಂದು ದಿನ ಬಾಗಿಲಲ್ಲಿ, ಒಂದು ದಿನ ಒಲೆಯ ಬಳಿ, ಹೆಚ್ಚಾಗಿ ಮಂಚದಲ್ಲಿ. ಮಂಚ ಎಳೆದರೆ ಅವನಿಗೆ ಪೆಟ್ಟಾಗುತ್ತದೆ, ಆ ಪೆಟ್ಟು ಮಗುವಿಗೆ ತಗಲುತ್ತದೆ. ಇನ್ನೊಂದು ಕಟ್ಟಳೆಯೂ ಇದೆ. ಮೂರು ತಿಂಗಳು ತುಂಬುವ ತನಕ ಸುದ್ದಿ ಯಾರ ಕಿವಿಗೂ ಬೀಳಬಾರದು. ಬಿದ್ದರೆ ಮಗು ಮುನಿಸಿಕೊಂಡು ಹೊರಟುಹೋಗುತ್ತದೆ. ಮಂಚವನ್ನು ಉಳಿಸಿಕೊಳ್ಳಬೇಕಾದರೆ ಬಾಯಿ ಬಿಡಬೇಕು, ಬಾಯಿ ಮುಚ್ಚಿಕೊಂಡರೆ ಮಂಚ ಕದಲುತ್ತದೆ. ಆ ಬೆಳಿಗ್ಗೆ ನಾನು ಸಿಕ್ಕಿಕೊಂಡದ್ದು ಇವೆರಡರ ನಡುವೆ.

ನಾನು ರಸಾಯನಶಾಸ್ತ್ರ ಓದಿದವಳು. ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಒಂದೇ ಮಾದರಿಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಹೊಸಬರಿಗೆ ಹೇಳಿಕೊಡುವುದೂ ನನ್ನ ಕೆಲಸವೇ. ಆದರೆ ನನ್ನ ಹತ್ತಿರ ಒಂದು ಮಾದರಿಯಿತ್ತು. ಕಳೆದ ಚಳಿಗಾಲ, ಹೊಸ ವರ್ಷದ ಮುಂಚೆ ಮನೆ ಶುಚಿ ಮಾಡಲು ಅತ್ತೆ ಬಂದಿದ್ದರು. ಅವರೂ ಕುನ್‌ಲಿನ್ನನೂ ಸೇರಿ ಮಂಚವನ್ನು ಗೋಡೆಯಿಂದ ಎಳೆದು ಅಡಿಯ ಧೂಳು ಗುಡಿಸಿದರು. ನಾನು ಆಗಲೂ ಬಸುರಿ, ಆಗಲೂ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಹಬ್ಬದ ದಿನ ಹೇಳೋಣವೆಂದುಕೊಂಡಿದ್ದೆ. ಅದೇ ವಾರ ಮಗು ಹೋಯಿತು. ಗಂಡನಿಗೆ ನಿಜ ಹೇಳಿದೆ, ಅತ್ತೆಗೆ ಹೊಟ್ಟೆ ಕೆಟ್ಟಿದೆ ಎಂದೆ. ಅವರು ಗಂಜಿ ಕಾಯಿಸಿಟ್ಟು ಊರಿಗೆ ಹೋದರು.

ಮಂಚಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಆದರೂ ಅದೇ ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡುವ ಧೈರ್ಯ ನನಗಿರಲಿಲ್ಲ. ಇನ್ನು ಅತ್ತೆಗೆ ಹೇಳುವುದೆಂದರೆ, ಅವರು ನಲವತ್ತು ವರ್ಷ ಕೇಶಾಲಯ ನಡೆಸಿದವರು; ಕುರ್ಚಿಯಲ್ಲಿ ಕೂತವರು ಅರ್ಧ ಹೇಳಿದರೆ ಪೂರ್ತಿ ತಿಳಿದುಕೊಳ್ಳುವವರು. ಈ ಮಗುವಿನ ವಿಷಯ ಹೇಳಿ ಮಂಚ ಮುಟ್ಟಬೇಡಿ ಎಂದರೆ ಆ ಮಗುವಿನ ವಿಷಯವೂ ಅವರಿಗೆ ಹೊಳೆಯುತ್ತದೆ. ಮಂಚ ಎಳೆದ ಕೈ ತಮ್ಮದೆಂದು ಅವರು ಉಳಿದ ಆಯುಷ್ಯವೆಲ್ಲ ನೆನೆಯುತ್ತಾರೆ.

ಅತ್ತೆ ಚಹಾ ಕುಡಿಯುತ್ತಿದ್ದಾಗ ಕುನ್‌ಲಿನ್ ನನ್ನನ್ನು ಬಚ್ಚಲಿಗೆ ಕರೆದು ಪಿಸುಗುಟ್ಟಿದ.

"ಮಂಚ ಬೇರೆ, ಹಾಸಿಗೆ ಬೇರೆ. ಹಾಸಿಗೆ ಬದಲಾಯಿಸಿದ್ರೆ ಮಂಚ ಕದಲಿಸಿದ ಹಾಗಾಗಲ್ಲ."

"ಈ ವ್ಯತ್ಯಾಸ ಆ ದೇವರಿಗೂ ಗೊತ್ತಿದೆಯಾ?"

"ನೀನೇನು ನಂಬ್ತೀಯಾ ಇದನ್ನೆಲ್ಲ?"

"ಇಲ್ಲ."

"ಮತ್ತೆ?"

"ನಂಬಲ್ಲ, ಆದ್ರೆ ಹಾಸಿಗೆ ಬರಬಾರದು."

ಅವನು ಸೊಂಟ ಉಜ್ಜಿಕೊಂಡು, "ಸರಿ. ಅಮ್ಮನಿಗೆ ಏನು ಹೇಳ್ತೀಯಾ?" ಎಂದ.

"ಯಾವ ಅಂಗಡೀಲೂ ಒಳ್ಳೇ ಹಾಸಿಗೆ ಇಲ್ಲ ಅಂತೀನಿ."

* * *

ಮೊದಲು ಹೋದದ್ದು ಪೇಟೆಯ ನಡುವಿನ ಡಿಪಾರ್ಟ್‌ಮೆಂಟ್ ಸ್ಟೋರಿಗೆ. ಮಾರಾಟದ ಮೊದಲ ಶನಿವಾರ. ಏಳನೆಯ ಮಹಡಿಗೆ ಹೋಗುವ ಲಿಫ್ಟಿನ ಮುಂದೆ ಸಾಲು ಗಾಜಿನ ಬಾಗಿಲ ತನಕ ಬಂದಿತ್ತು. ಹಾಸಿಗೆ ವಿಭಾಗದಲ್ಲಿ ಟೈ ಕಟ್ಟಿದ ಒಬ್ಬ ತರುಣ ಅತ್ತೆಯ ಕೈಚೀಲವನ್ನು ತಾನೇ ಇಸಿದುಕೊಂಡು, "ಬನ್ನಿ ಅಕ್ಕಾ, ಕೂತ್ಕೊಳ್ಳಿ ಅಕ್ಕಾ" ಎಂದ.

"ನಾನು ನಿನ್ನ ಅಜ್ಜಿ ವಯಸ್ಸಿನವಳು. ಅಕ್ಕ ಅಂದ್ರೆ ಬೆಲೆ ಎಷ್ಟು ಇಳಿಸ್ತೀಯಾ?"

"ಅಜ್ಜಿ ಅಂದ್ರೆ ಏರಿಸ್ಬೇಕಾಗತ್ತೆ ಅಕ್ಕಾ."

ಅತ್ತೆಗೆ ಹುಡುಗ ಹಿಡಿಸಿದ. ಒಂದೊಂದು ಸ್ಪ್ರಿಂಗಿಗೂ ಒಂದೊಂದು ಬಟ್ಟೆಯ ಚೀಲ ಹೊಲಿದಿರುವ ಹಾಸಿಗೆಯೊಂದನ್ನು ಅವನು ತೋರಿಸಿದ. ಒಂದು ಬದಿಗೆ ನೀರು ತುಂಬಿದ ಲೋಟ ಇಟ್ಟು, ಇನ್ನೊಂದು ಬದಿಗೆ ಕುನ್‌ಲಿನ್ನನನ್ನು ದೊಪ್ಪನೆ ಕೂರಿಸಿದ. ನೀರು ಸ್ವಲ್ಪ ನಡುಗಿತು, ಚೆಲ್ಲಲಿಲ್ಲ. ಅತ್ತೆ ತಾವೂ ಒಮ್ಮೆ ಕೂತು ನೋಡಿದರು. ಆಮೇಲೆ ಮಲಗಿದರು. ಮಲಗಿಕೊಂಡೇ, "ಇದು ಹಾಸಿಗೆ. ನಿಮ್ಮನೇಲಿರೋದು ಕೆರೆ" ಎಂದರು.

ನಾನು ಬಾಗಿ ಅಂಚನ್ನು ಮೂಸಿದೆ. "ವಾಸನೆ ಇದೆ. ಅಂಟಿನದ್ದು. ಮುಚ್ಚಿದ ಕೋಣೆಯಲ್ಲಿ ಇದರ ಆವಿ ತುಂಬ ದಿನ ಉಳಿಯತ್ತೆ ಅಮ್ಮ."

ತರುಣ ಪರೀಕ್ಷೆಯ ಪತ್ರ ತಂದ. ಓದಿದೆ; ಎಲ್ಲ ಸಂಖ್ಯೆಗಳೂ ಮಿತಿಗಿಂತ ಎಷ್ಟೋ ಕೆಳಗಿದ್ದವು. ಪರೀಕ್ಷಿಸಿದ ಪ್ರಯೋಗಾಲಯವೂ ನನಗೆ ಗೊತ್ತಿದ್ದದ್ದೇ, ಒಳ್ಳೆಯದು. ಅತ್ತೆ ಎದ್ದು ಬಂದು ತಾವೂ ಮೂಸಿದರು.

"ನಲವತ್ತು ವರ್ಷ ಕೂದಲು ಗುಂಗುರು ಮಾಡೋ ಔಷಧಿ ಕುಡಿದಿರೋ ಮೂಗು ಇದು. ಇದಕ್ಕೇನೂ ಗೊತ್ತಾಗ್ತಿಲ್ಲ."

"ಅದಕ್ಕೇ ಗೊತ್ತಾಗ್ತಿಲ್ಲ, ಅಮ್ಮ" ಎಂದ ಕುನ್‌ಲಿನ್, ನನ್ನ ಸಹಾಯಕ್ಕೆಂದು. ಅತ್ತೆ ಅವನ ಬೆನ್ನಿಗೊಂದು ಗುದ್ದಿದರು. ಅವರು ಕೈಚೀಲಕ್ಕೆ ಕೈ ಹಾಕುವುದನ್ನು ನೋಡಿ ನಾನು ಅವಸರದಲ್ಲಿ ಇನ್ನೊಂದು ದಾರಿ ಹಿಡಿದೆ.

"ಮೊದಲನೇ ಅಂಗಡೀಲೇ ಕೊಂಡುಬಿಡೋದಾ ಅಮ್ಮ? ಇನ್ನೊಂದು ಕಡೆ ಇದೇ ಹಾಸಿಗೆ ಕಡಿಮೆಗೆ ಸಿಕ್ಕಿದ್ರೆ?"

ಅತ್ತೆಯ ಕೈ ನಿಂತಿತು. ಮೀನಿನ ಮಾರುಕಟ್ಟೆಯಲ್ಲಿ ಮೊದಲ ಬುಟ್ಟಿಯ ಮೀನನ್ನು ಅವರು ಒಮ್ಮೆಯೂ ಕೊಂಡವರಲ್ಲ. "ಅದು ಮಾತು" ಎಂದು ಹುಡುಗನ ಕಾರ್ಡು ಇಸಿದುಕೊಂಡು ಹೊರಟರು.

* * *

ಎರಡನೆಯದು ನಗರದ ದಕ್ಷಿಣಕ್ಕಿರುವ ವಿದೇಶಿ ಪೀಠೋಪಕರಣದ ಮಳಿಗೆ. ಅಲ್ಲಿ ನೆಲದ ಮೇಲಿನ ಬಾಣಗಳನ್ನು ಹಿಡಿದು ಯಾರದೋ ಮನೆಗಳೊಳಗೆ ಹಾದುಹೋದ ಹಾಗೆ ನಡೆಯಬೇಕು. ಹಾಸಿಗೆಗಳ ಹತ್ತಿರ ಬಂದಾಗ ಒಬ್ಬ ತಾತ ಟೋಪಿಯನ್ನು ಮುಖದ ಮೇಲಿಟ್ಟು ನಿದ್ದೆ ಹೊಡೆಯುತ್ತಿದ್ದ. ಅವನ ಪಕ್ಕದಲ್ಲಿ ಮೊಮ್ಮಗಳು ಫೋನಿನಲ್ಲಿ ಏನೋ ನೋಡುತ್ತಿದ್ದಳು.

"ನೋಡು, ಇದೇ ಪರೀಕ್ಷೆ" ಎಂದರು ಅತ್ತೆ. "ಲೋಟ ಗೀಟ ಎಲ್ಲ ನಾಟಕ."

ತಾತ ಮಲಗಿದ್ದ ಹಾಸಿಗೆಯದೇ ಇನ್ನೊಂದು ಪಕ್ಕದಲ್ಲಿತ್ತು. ಅಗ್ಗ, ಗಟ್ಟಿ, ವಾಸನೆಯಿಲ್ಲ. ದೋಷ ಹುಡುಕಲು ನಾನು ಅದರ ಸುತ್ತ ಬರುತ್ತಿದ್ದೆ. ಅಷ್ಟರಲ್ಲಿ ಅತ್ತೆ ಚೀಲದಿಂದ ಅಳತೆ ಪಟ್ಟಿ ತೆಗೆದರು. ನಮ್ಮ ಊರಿನ ಅಳತೆ ಪಟ್ಟಿಗಳಲ್ಲಿ ಸೆಂಟಿಮೀಟರುಗಳ ಕೆಳಗೆ ಇನ್ನೊಂದು ಸಾಲು ಇರುತ್ತದೆ, ಶುಭ ಅಳತೆಗಳು ಕೆಂಪಿನಲ್ಲಿ, ಅಶುಭದವು ಕಪ್ಪಿನಲ್ಲಿ. ಬಡಗಿಗಳು ಬಾಗಿಲಿಗೂ ಮೇಜಿಗೂ ಅದನ್ನು ನೋಡಿಯೇ ಮರ ಕೊಯ್ಯುತ್ತಾರೆ.

ಹಾಸಿಗೆಯ ಉದ್ದ ಇನ್ನೂರು ಸೆಂಟಿಮೀಟರ್. ಕಪ್ಪು. ಕೆಳಗಿನ ಅಕ್ಷರ: ಲೂಟಿ.

"ಆಗಲ್ಲ. ನನ್ನ ಮಗ ನಿಂತು ನಿಂತು ದುಡಿಯೋದು ಲೂಟಿ ಆಗೋಕಲ್ಲ."

"ಅಮ್ಮ, ಉತ್ತರ ಯುರೋಪಿನವರೆಲ್ಲ ಇದರ ಮೇಲೇ ಮಲಗ್ತಾರೆ" ಎಂದ ಕುನ್‌ಲಿನ್. "ಅವರ್ಯಾರೂ ಲೂಟಿ ಆಗಿಲ್ಲ."

"ಅವರು ಎಷ್ಟು ತೆರಿಗೆ ಕಟ್ತಾರೆ ಅಂತ ಕೇಳಿದ್ದೀಯಾ?"

ನಗು ಬಂದರೂ ಮೊದಲು ನೆಮ್ಮದಿಯ ಉಸಿರು ಬಿಟ್ಟೆ. ನನ್ನ ಕೆಲಸವನ್ನು ಅಳತೆ ಪಟ್ಟಿಯೇ ಮಾಡಿತ್ತು. ಆ ಕೆಂಪು ಕಪ್ಪು ಸಾಲಿಗೆ ಯಾವ ಆಧಾರವೂ ಇಲ್ಲವೆಂದು ನಾನು ಕಾಲೇಜಿನಲ್ಲಿ ವಾದ ಮಾಡಿದ್ದೆ. ಈಗ ಅದನ್ನು ಕಣ್ಣಿಗೆ ಒತ್ತಿಕೊಳ್ಳಬೇಕೆನ್ನಿಸಿತು.

ಹೊರಗೆ ಬಂದಾಗ ಅತ್ತೆಗೆ ಹಸಿವಾಗಿತ್ತು. ರಸ್ತೆಯಾಚೆ ಸಿಹಿ ಸೂಪಿನ ಒಂದು ಹಳೆಯ ಅಂಗಡಿಯಿತ್ತು. ಅವರು ಕೇಳದೆಯೇ ಮೂವರಿಗೂ ಬಿಸಿ ಬಿಸಿ ಕೆಂಪು ಅವರೆಕಾಳಿನ ಸೂಪು ಹೇಳಿದರು. ಅದರಲ್ಲಿ ಬಾರ್ಲಿಯಂಥ ಬಿಳಿ ಕಾಳು ಬೆರೆಸಿರುತ್ತಾರೆ. ಬಸುರಿಯರು ಆ ಬಿಳಿ ಕಾಳು ತಿನ್ನಬಾರದು, ಗರ್ಭ ಜಾರುತ್ತದೆ ಎನ್ನುತ್ತಾರೆ. ಇದಕ್ಕಿರುವ ಆಧಾರ ದುರ್ಬಲ. ಇಲಿಗಳ ಮೇಲಿನ ಕೆಲವು ಪ್ರಯೋಗ, ಅಷ್ಟೇ. ಆದರೆ ಬಿಟ್ಟರೆ ನಷ್ಟವೇನೂ ಇಲ್ಲವಲ್ಲ. ಕುನ್‌ಲಿನ್ ಹಾಸಿಗೆಯ ಬೆಲೆಗಳನ್ನು ತಾಳೆ ನೋಡುತ್ತ ಅಮ್ಮನನ್ನು ಮಾತಿಗೆಳೆದಿದ್ದ. ನಾನು ಮಾತು ಕೇಳುತ್ತ, ಚಮಚದ ತುದಿಯಿಂದ ಬಿಳಿ ಕಾಳನ್ನು ಒಂದೊಂದಾಗಿ ಆರಿಸಿ ಪಕ್ಕದ ಸಣ್ಣ ತಟ್ಟೆಗೆ ಹಾಕುತ್ತಿದ್ದೆ. ಪ್ರಯೋಗಾಲಯದ ಕೈ, ಒಂದು ಕಾಳನ್ನೂ ಬಿಡಲಿಲ್ಲ.

ತಲೆಯೆತ್ತಿದಾಗ ಅತ್ತೆ ಆ ತಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಬಟ್ಟಲಿನ ಕೆಂಪು ಕಾಳನ್ನು ಮೊಗೆದು ನನ್ನ ಬಟ್ಟಲಿಗೆ ಹಾಕಿದರು, ನನ್ನ ತಟ್ಟೆಯ ಬಿಳಿ ಕಾಳನ್ನು ತಾವು ಸುರಿದುಕೊಂಡರು. "ಬಿಸಿಯಿದೆ, ನಿಧಾನ" ಎಂದರು. ತಿನ್ನುವ ವಸ್ತುವನ್ನು ಬಿಸಾಡುವವರಲ್ಲ ಅವರು, ಅಷ್ಟೇ ಎಂದುಕೊಂಡೆ.

ಕಾರಿನಲ್ಲಿ ಅವರು ಮಗನ ಭುಜಕ್ಕೆ ತಟ್ಟಿ, "ಗುಂಡಿ ಹುಡುಕ್ಕೊಂಡು ಹೋಗ್ತಿದ್ದೀಯಾ? ಮೆಲ್ಲಗೆ ಓಡಿಸು" ಎಂದರು.

* * *

ಮೂರನೆಯದು ನಮ್ಮದೇ ದ್ವೀಪದ ಹಾಸಿಗೆ ಕಂಪನಿಯೊಂದರ ಮಳಿಗೆ, ಅಗಲ ರಸ್ತೆಯ ಬದಿಗೆ, ಮೂರು ಮಹಡಿ ಪೂರ್ತಿ ಹಾಸಿಗೆಗಳೇ. ಅಲ್ಲಿಯ ಮಾರಾಟಗಾರ್ತಿ ಕೆ ಎಂಬವಳು ಐವತ್ತರ ಹೆಂಗಸು; ಅವಳು ಯಾರನ್ನೂ ಅಕ್ಕ ಎನ್ನಲಿಲ್ಲ. ಕುನ್‌ಲಿನ್ ನಡೆದು ಬಂದ ರೀತಿ ನೋಡಿಯೇ, "ಸೊಂಟ ಅಲ್ವಾ? ಮೇಲೆ ಬನ್ನಿ" ಎಂದಳು.

ಅವಳು ತೋರಿಸಿದ ಹಾಸಿಗೆಯಲ್ಲಿ ನನಗೆ ದೋಷ ಸಿಗಲಿಲ್ಲ. ಮೇಲೆ ತೆಳುವಾದ ಮೆದು ಪದರ, ಕೆಳಗೆ ಗಟ್ಟಿ ಸ್ಪ್ರಿಂಗು, ಅಂಚಿನಲ್ಲಿ ಕೂತರೂ ಜಗ್ಗದು. ಹೊದಿಕೆ ಬಿಚ್ಚಿ ಒಗೆಯಬಹುದು. ಡಿಪಾರ್ಟ್‌ಮೆಂಟ್ ಸ್ಟೋರಿನದಕ್ಕಿಂತ ಅಗ್ಗ. ಅಳತೆ ಪಟ್ಟಿಯ ಮೇಲೆ ನಾನು ಕಡೆಯ ಆಸೆ ಇಟ್ಟಿದ್ದೆ. ಅತ್ತೆ ಪಟ್ಟಿ ಎಳೆದಾಗ ಬಗ್ಗಿ ನೋಡಿದೆ. ನೂರ ಎಂಬತ್ತೆಂಟು. ಕೆಂಪು.

"ಈಗ ಹೇಳಿದ್ರೆ ಸಂಜೆ ಆರಕ್ಕೆ ನಿಮ್ಮನೇಲಿರತ್ತೆ" ಎಂದಳು ಕೆ. "ಹಳೇದನ್ನ ನಮ್ಮ ಹುಡುಗರೇ ಎತ್ಕೊಂಡು ಹೋಗ್ತಾರೆ. ಮಂಚ ಜರುಗಿಸಿ, ಅಡಿಯ ಕಸ ತೆಗೆದು, ಒರೆಸಿ ಕೊಡ್ತಾರೆ. ಎಲ್ಲ ಬಿಟ್ಟಿ."

ಕುನ್‌ಲಿನ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನ ಮುಖದಲ್ಲಿ, ಇನ್ನೇನು ನಾನೇ ಹೇಳಿಬಿಡ್ತೀನಿ ಎಂಬುದು ಬರೆದ ಹಾಗಿತ್ತು.

"ಒಂದು ಹತ್ತು ನಿಮಿಷ ಮಲಗಿ ನೋಡಿ" ಎಂದಳು ಕೆ. "ಕೂತು ನೋಡಿ ಕೊಂಡವರು ವಾಪಸ್ ತರ್ತಾರೆ. ಮಲಗಿ ಕೊಂಡವರು ತರಲ್ಲ."

"ಆ-ಕುನ್, ನೀನು ಹೋಗಿ ದಿಂಬು ನೋಡು" ಎಂದು ಅತ್ತೆ ಮಗನನ್ನು ಕಳಿಸಿದರು. "ನಾವಿಬ್ಬರೂ ಮಲಗ್ತೀವಿ. ಹೆಂಗಸರ ಸೊಂಟಕ್ಕೂ ಒಗ್ಗಬೇಕಲ್ಲ."

ಕಾಲಿನ ಕಡೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾದ ಇಟ್ಟು ನಾವು ಅಕ್ಕಪಕ್ಕ ಮಲಗಿದೆವು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅತ್ತೆಯ ಪಕ್ಕ ನಾನು ಮಲಗಿದ್ದು ಅದೇ ಮೊದಲು. ಮೇಲೆ ಬಿಳಿ ಚಾವಣಿ, ಸಾಲು ದೀಪ. ದೂರದಲ್ಲಿ ಕೆ ಯಾರಿಗೋ ದಿಂಬಿನ ಎತ್ತರ ವಿವರಿಸುತ್ತಿದ್ದಳು.

"ಪೈಜೆನ್" ಎಂದರು ಅತ್ತೆ, ಚಾವಣಿ ನೋಡುತ್ತ. "ನನ್ನ ಹತ್ರ ತಲೆ ತೊಳೆಸಿಕೊಳ್ಳೋಕೆ ಒಬ್ಬಳು ಬರ್ತಾಳೆ. ನಿನಗೆ ಗೊತ್ತಿಲ್ಲ ಅವಳು."

"ಹೂಂ."

"ಅವಳು ಒಂದು ಸಲ ಮಗನ ಮನೆಗೆ ಹೋಗಿ ಮಂಚ ಎಳೆದು ಗುಡಿಸಿದಳಂತೆ. ಅದೇ ವಾರ ಸೊಸೆಗೆ ಹೊಟ್ಟೆನೋವು ಬಂತಂತೆ. ಇವಳು ಪೆದ್ದಿ, ಏನೋ ತಿಂದದ್ದು ಕೆಟ್ಟಿರಬೇಕು ಅಂದ್ಕೊಂಡು ಗಂಜಿ ಮಾಡಿಟ್ಟು ಬಂದಳಂತೆ."

ನಾನು ಅವರ ಕಡೆ ತಿರುಗಿದೆ. ಅವರು ಚಾವಣಿಯನ್ನೇ ನೋಡುತ್ತಿದ್ದರು.

"ಇವತ್ತು ಅವಳಿಗೆ ಎಲ್ಲ ತಾಳೆಯಾದ ಹಾಗಾಯ್ತಂತೆ. ಕೇಳಬೇಕು ಅಂತಿದ್ದಾಳೆ. ಆ ಹೊಟ್ಟೆನೋವು ಬರೀ ಹೊಟ್ಟೆನೋವಾ ಅಂತ."

ಹೌದು ಅಮ್ಮ, ಬರೀ ಹೊಟ್ಟೆನೋವು ಎಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮುಗಿದದ್ದು ಮಾತು ಮಾತ್ರ ಆಗಿರುತ್ತಿತ್ತು. ಅವರು ಮನೆಗೆ ಹೋಗಿ, ಒಬ್ಬರೇ, ಯಾರನ್ನೂ ಕೇಳಲಾಗದೆ ಅದನ್ನು ತಿರುವಿ ತಿರುವಿ ನೋಡುತ್ತಿದ್ದರು. ನಾನು ಚಳಿಗಾಲದಿಂದ ಮಾಡುತ್ತ ಬಂದಿರುವ ಹಾಗೆ.

"ಅಲ್ಲ ಅಮ್ಮ" ಎಂದೆ. "ಆದ್ರೆ ಅದು ಮಂಚದಿಂದ ಆದದ್ದಲ್ಲ."

"ಅವಳ ಮನಸ್ಸು ನೋಯಬಾರದು ಅಂತ ಹೇಳ್ಬೇಡ."

"ಇಲ್ಲ. ಆ ಸೊಸೆ ಅದನ್ನ ಪರೀಕ್ಷೆಗೆ ಕಳಿಸಿದ್ದಳು. ವರದಿ ಬಂತು. ನಮ್ಮ ಮೈಯ ಒಂದೊಂದು ಕಣದೊಳಗೂ ದಾರದ ಹಾಗೆ ಎಳೆಗಳಿರ್ತಾವೆ ಅಮ್ಮ, ಅವಕ್ಕೊಂದು ಲೆಕ್ಕ ಇದೆ. ಆ ಮಗುವಿಗೆ ಒಂದು ಎಳೆ ಹೆಚ್ಚಿತ್ತು."

"ಹೆಚ್ಚಿದ್ರೆ ಒಳ್ಳೇದೇ ಅಲ್ವಾ?"

"ನೀವು ಜಡೆ ಹೆಣೆಯೋವಾಗ ಎಳೆ ಲೆಕ್ಕ ತಪ್ಪಿದ್ರೆ ಏನ್ಮಾಡ್ತೀರಾ?"

"ಸೊಟ್ಟ ಬರತ್ತೆ. ಬಿಚ್ಚಿ ಮೊದಲಿಂದ ಹಾಕ್ಬೇಕು."

"ಅಷ್ಟೇ ಆದದ್ದು. ಅದು ಮೊದಲ ದಿನದಿಂದಲೇ ಹಾಗಿತ್ತು. ನೀವು... ಆ ಅತ್ತೆ ಊರಿಂದ ಬಸ್ಸು ಹತ್ತೋದಕ್ಕೆ ಎಷ್ಟೋ ವಾರ ಮೊದಲೇ. ಯಾರೂ ಏನೂ ಎಳೆಯದೇ ಇದ್ದಿದ್ರೂ ಅದು ಉಳೀತಿರಲಿಲ್ಲ."

ಆ ಮಾತನ್ನು ನಾನು ನನಗೇ ಎಷ್ಟು ಸಲ ಹೇಳಿಕೊಂಡಿದ್ದೆನೋ. ಬಸ್ಸಿನಲ್ಲಿ, ಸ್ನಾನದಲ್ಲಿ, ನೀರಿನ ಮಾದರಿಗಳಿಗೆ ಚೀಟಿ ಅಂಟಿಸುವಾಗ. ಹೇಳಿಕೊಳ್ಳುವಾಗಲೆಲ್ಲ ಅದರ ಹಿಂದೆ ಮಂಚದ ಕಾಲು ನೆಲಕ್ಕೆ ಕೆರೆದ ಸದ್ದು ಕೇಳುತ್ತಿತ್ತು. ಈಗ ಪಕ್ಕದಲ್ಲಿರುವವರಿಗೆ ಅದು ನಿಜವೆಂದು ತೋರಿಸಬೇಕಾಗಿತ್ತು. ಅದಕ್ಕಾಗಿ ಒಂದೊಂದು ಮೆಟ್ಟಿಲನ್ನೂ ಮತ್ತೆ ತಟ್ಟಿ ನೋಡಿದೆ: ವೈದ್ಯೆ ಹೇಳಿದ್ದು, ವರದಿಯಲ್ಲಿದ್ದದ್ದು, ವಾರಗಳ ಲೆಕ್ಕ. ಒಂದೂ ಅಲುಗಲಿಲ್ಲ. ಮೊದಲ ಸಲ ಸದ್ದು ಕೇಳಿಸಲಿಲ್ಲ.

"ಆ ಸೊಸೆ ಆಗಲೇ ಯಾಕೆ ಹೇಳಲಿಲ್ಲ?"

"ಅತ್ತೆ ತನ್ನ ಕೈ ನೋಡ್ಕೊಂಡು ಕೂತಿರ್ತಾರೆ ಅಂತ."

ಅತ್ತೆ ಎರಡೂ ಕೈಗಳನ್ನು ಮೇಲೆತ್ತಿ ದೀಪದ ಬೆಳಕಿಗೆ ಹಿಡಿದರು. ಔಷಧಿ ತಿಂದು ಒರಟಾದ ಉಗುರುಗಳು. ಆಮೇಲೆ ಅವನ್ನು ಕೆಳಗಿಳಿಸಿ, ಒಂದನ್ನು ನನ್ನ ಕೈಯ ಮೇಲೆ ಇಟ್ಟರು. ಮಲಗಿ ಅತ್ತರೆ ಕಣ್ಣೀರು ಕಿವಿಗೆ ಇಳಿಯುತ್ತದೆ. ಅವರು ಇನ್ನೊಂದು ಕೈಯಿಂದ ಕಿವಿ ಒರೆಸಿಕೊಂಡರು.

"ಅವಳಿಗೆ ಹೇಳ್ತೀನಿ" ಎಂದರು. "ಹಗುರ ಆಗತ್ತೆ ಅವಳಿಗೆ."

"ಅಮ್ಮ, ಈಗ..."

"ಏನೂ ಹೇಳಬೇಡ." ಅವರು ನನ್ನ ಕೈ ಒತ್ತಿದರು. "ನನಗೇನೂ ಗೊತ್ತಿಲ್ಲ. ನಾನು ಏನೂ ಕೇಳಿಲ್ಲ. ಮೂರು ತಿಂಗಳು ತುಂಬೋ ತನಕ ನಾನು ಕಿವುಡಿ."

ಕೆ ಬಂದಳು. "ಹೇಗಿದೆ?"

"ತುಂಬ ಚೆನ್ನಾಗಿದೆ. ಎದ್ದೇಳೋಕೇ ಮನಸ್ಸಿಲ್ಲ" ಎಂದು ಅತ್ತೆ ಎದ್ದು ಕೂತರು.

"ಹಾಗಾದ್ರೆ ಸಂಜೆ ಆರಕ್ಕೆ ಕಳಿಸಲಾ?"

"ಬೇಡ. ಎಷ್ಟು ದಿನ ಇಟ್ಕೋತೀರಾ?"

ನಾನು ಅತ್ತೆಯ ಕಿವಿಯ ಹತ್ತಿರ ಬಗ್ಗಿ, "ಮಂಚದಿಂದ ಅಲ್ಲ ಅಂತ ಈಗ ತಾನೇ ಒಪ್ಪಿದ್ರಲ್ಲ" ಎಂದೆ.

"ಒಪ್ಪಿದೆ. ನೀನು ಓದಿದವಳು, ನೀನು ಹೇಳಿದ್ದು ಸರಿ. ಮಂಚ ಮಾತ್ರ ಮುಟ್ಟಬಾರದು."

ವಾದ ಮಾಡಲು ನನಗೆ ಇಷ್ಟವಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು.

"ಒಂದು ವಾರ ಇಟ್ಕೋಬಹುದು" ಎಂದಳು ಕೆ. "ಬೇಕಾದ್ರೆ ಒಂದು ತಿಂಗಳು. ಯಾವಾಗ ಬೇಕು ನಿಮಗೆ?"

ಅತ್ತೆ ಬೆರಳು ಮಡಿಸತೊಡಗಿದರು. ಎಣಿಸುವುದನ್ನು ಗಟ್ಟಿಯಾಗಿ ಮಾಡಲಿಲ್ಲ, ಆದರೆ ನಾನೂ ಜೊತೆಗೆ ಎಣಿಸುತ್ತಿದ್ದೆ: ಜೂನ್ ಮೊದಲಲ್ಲಿ ಹೆರಿಗೆ, ಬಾಣಂತನಕ್ಕೆ ಒಂದು ತಿಂಗಳು, ಅದಾದ ಮೇಲೆ ಪ್ರೇತಗಳು ತಿರುಗಾಡುವ ಏಳನೆಯ ಚಾಂದ್ರಮಾಸ ಹತ್ತಿರ ಬಂದಿರುತ್ತದೆ, ಆಗ ಹೊಸ ಹಾಸಿಗೆ ಮನೆಗೆ ತರುವ ಮಾತೇ ಇಲ್ಲ.

"ಮುಂದಿನ ವರ್ಷ, ಹುಣ್ಣಿಮೆ ಹಬ್ಬದ ಮುಂಚೆ" ಎಂದರು.

ಕೆ ತನ್ನ ಕನ್ನಡಕ ತೆಗೆದಳು. "ಮುಂದಿನ ವರ್ಷದ್ದನ್ನ ಮುಂದಿನ ವರ್ಷ ಬಂದು ಕೊಳ್ಳಬಹುದಲ್ಲ?"

"ಮುಂದಿನ ವರ್ಷ ಈ ಬೆಲೆ ಇರತ್ತಾ? ಮತ್ತೆ ಕೊಂಡಿದ್ದೀನಿ ಅನ್ನೋದು ಇವತ್ತೇ ಆಗ್ಬೇಕು."

"ಅಷ್ಟು ದಿನ ಗೋದಾಮಿನಲ್ಲಿ ಇಟ್ರೆ ಬಾಡಿಗೆ ನನ್ನ ಸಂಬಳದಲ್ಲಿ ಹಿಡೀತಾರೆ. ಮೂರು ತಿಂಗಳು. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ."

ಅತ್ತೆ ಅವಳ ಕೈ ತಟ್ಟಿ, ಅಲ್ಲೇ ಹಾಸಿಗೆಯ ಅಂಚಿನಲ್ಲಿ ಕೂತು ಚೀಲದಿಂದ ಆ ಟೈ ಕಟ್ಟಿದ ಹುಡುಗನ ಕಾರ್ಡು ತೆಗೆದು ಫೋನು ಮಾಡಿದರು. ಕಟ್ಟುತ್ತಿರುವ ಮನೆಗಳಿಗೆ ಮುಂಗಡವಾಗಿ ಸಾಮಾನು ಕೊಳ್ಳುವವರು ತುಂಬ ಜನ. ಅವರಿಗಾಗಿ ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ ಒಂದು ವರ್ಷದ ತನಕ ಹಾಸಿಗೆ ಇಟ್ಟುಕೊಳ್ಳುತ್ತಾರಂತೆ.

"ಮನೆ ಕಟ್ಟಿಸ್ತಿದ್ದೀರಾ ಅಕ್ಕಾ?" ಎಂಬ ಹುಡುಗನ ದನಿ ನನಗೂ ಕೇಳಿತು.

"ಹಾಗಂತಲೇ ಬರ್ಕೋ."

ದಿಂಬುಗಳ ಕಡೆಯಿಂದ ಕುನ್‌ಲಿನ್ ಬಂದ. ನಮ್ಮಿಬ್ಬರ ಮುಖ ನೋಡಿ ಕೀಲಿ ತೆಗೆದುಕೊಂಡು ಮುಂದೆ ನಡೆದ. ಕಾರಿನಲ್ಲಿ, "ಮತ್ತೆ ಮೊದಲನೇ ಅಂಗಡಿಗೇ ಹೋಗೋದಾದ್ರೆ ಊರೆಲ್ಲ ಸುತ್ತಿಸಿದ್ದು ಯಾಕೆ?" ಎಂದ.

"ಸುತ್ತದೇ ಇದ್ದಿದ್ರೆ ಎಲ್ಲಿ ಕೊಳ್ಳಬೇಕು ಅಂತ ಗೊತ್ತಾಗ್ತಿತ್ತಾ?"

"ಹಾಸಿಗೆ ಬರೋದು ಮುಂದಿನ ವರ್ಷ. ಅಲ್ಲೀತನಕ ನನ್ನ ಸೊಂಟ?"

"ನಿನಗೆ ನೆಲ ಇದೆ. ದಪ್ಪ ಚಾಪೆ ಕಳಿಸ್ತೀನಿ. ನಡುವಿನ ಗುಂಡಿ ಪೂರ್ತಿ ಪೈಜೆನ್‌ಗೆ ಬಿಟ್ಕೊಡು. ಒಂದೇ ಮಗ್ಗುಲಲ್ಲಿ ಅಲುಗಾಡದೆ ಮಲಗೋಕೆ ಅದೇ ಒಳ್ಳೇದು."

ಏಳನೆಯ ಮಹಡಿಯ ಹುಡುಗ ಕಾಯುತ್ತಿದ್ದ. ಸ್ಪ್ರಿಂಗಿಗೊಂದು ಚೀಲವಿರುವ ಅದೇ ಹಾಸಿಗೆ. ಅತ್ತೆ ಅಳತೆ ಪಟ್ಟಿ ಹಿಡಿದು ನೋಡಿದರು, ಕೆಂಪೇ ಬಂತು. ಬೆಲೆಯಲ್ಲಿ ಸ್ವಲ್ಪ ಎಳೆದಾಡಿ, ಎರಡು ದಿಂಬುಗಳನ್ನು ಮೇಲೆ ಹಾಕಿಸಿಕೊಂಡು, ನೋಟುಗಳನ್ನು ಕೊಟ್ಟರು. ದಿಂಬು ಈಗಲೇ ಬೇಕೆಂದರು. ದಿಂಬಿಗೆ ಯಾವ ಕಟ್ಟಳೆಯೂ ಇಲ್ಲ.

"ತಲುಪಿಸೋ ಮುಂಚೆ ಫೋನ್ ಮಾಡ್ತೀವಿ" ಎಂದ ಹುಡುಗ, ನನ್ನ ಕಡೆ ತಿರುಗಿ. "ನಿಮ್ಮ ನಂಬರ್ ಹೇಳಿ ಮೇಡಂ."

ನಾನು ಬಾಯಿ ತೆರೆದೆ. ಅತ್ತೆ ನಡುವೆ ಕೈ ಅಡ್ಡ ಹಿಡಿದರು.

"ನನ್ನ ನಂಬರ್ ಬರ್ಕೋ" ಎಂದರು. "ಆ ಹೊತ್ತಿಗೆ ನಾನು ಇವರ ಮನೇಲೇ ಇರ್ತೀನಿ. ಇವಳಿಗೆ ಫೋನ್ ಎತ್ತೋಕೆ ಪುರುಸೊತ್ತಿರಲ್ಲ."